ಆನೆಯ ಮೇವಿನ ಲೆಕ್ಕ

ಮಕ್ಕಳೇ, ಮಕ್ಕಳ ಅಜ್ಜ-ಅಜ್ಜಿಯರೇ,

ಕಳೆದ ತಿಂಗಳು ನಮ್ಮ ಮನೆಯ ಲ್ಯಾಪ್‌ಟಾಪೂ ಪ್ರಿಂಟರೂ ಒಂದೇ ವಾರದಲ್ಲಿ ಕೈಕೊಟ್ಟವು. ಲ್ಯಾಪ್‌ಟಾಪಿನ ಬ್ಯಾಟರಿ ಪೂರಿಯಂತೆ ಉಬ್ಬಿ ಕೀಬೋರ್ಡನ್ನೇ ಮೇಲೆತ್ತಿತ್ತು. ಹಾಗೆ ಉಬ್ಬಿದ ಬ್ಯಾಟರಿ ಕಂಡರೆ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಪ್ರಿಂಟರಿನಲ್ಲಿ ಇಂಕು ಒಣಗಿ, ಏನು ಕೊಟ್ಟರೂ ಖಾಲಿ ಹಾಳೆ ಬರುತ್ತಿತ್ತು.

ಠೇವಣಿಯೊಂದು ಮುಗಿದು 40,000 ರೂಪಾಯಿ ಕೈಗೆ ಬಂದಿತ್ತು. “ಎರಡನ್ನೂ ಹೊಸದು ತರೋಣ” ಎಂದೆ. ಏಳನೇ ಕ್ಲಾಸಿನ ಮೊಮ್ಮಗಳು ಪುಟ್ಟಿ ಕೇಳಿದಳು: “ತಾತ, ಹಳೇ ಪ್ರಿಂಟರಿಗೆ ಎಷ್ಟು ಖರ್ಚಾಗಿತ್ತು?”

“3,200.”

“ಅದು ಕೊಂಡಾಗ ಕೊಟ್ಟಿದ್ದು. ಆಮೇಲೆ ಇಂಕಿಗೆ?”

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದವನು ನಾನು. ಲೆಕ್ಕ ಟ್ಯಾಲಿ ಆಗದಿದ್ದರೆ ರಾತ್ರಿ ಒಂಬತ್ತಾದರೂ ಮನೆಗೆ ಹೋಗುವ ಹಾಗಿರಲಿಲ್ಲ. ಅಂಥವನ ಹತ್ತಿರ ಉತ್ತರವಿರಲಿಲ್ಲ! ಮನೆಯ ಖರ್ಚಿನ ಪುಸ್ತಕ ತೆಗೆದೆವು. ಮೂರು ವರ್ಷದಲ್ಲಿ 9 ಕಾರ್ಟ್ರಿಜ್, ಒಂದಕ್ಕೆ 900ರಂತೆ 8,100. ಪ್ರಿಂಟರಿನ 3,200 ಸೇರಿ 11,300. 500 ಹಾಳೆಯ ಎರಡು ಕಟ್ಟು ತಂದಿದ್ದೆ. ಉಳಿದ ಹಾಳೆಗಳನ್ನು ಪುಟ್ಟಿ ನೆಲದ ಮೇಲೆ ಕೂತು ಎಣಿಸಿದಳು, 280. ಅಂದರೆ ಬಳಸಿದ್ದು 720. ಭಾಗಿಸಿದರೆ ಪುಟವೊಂದಕ್ಕೆ ಹತ್ತಿರ ಹತ್ತಿರ 15 ರೂಪಾಯಿ 70 ಪೈಸೆ! ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 5 ರೂಪಾಯಿ.

“ಆನೆ ಕೊಳ್ಳೋದು ದೊಡ್ಡದಲ್ಲ ಕಣೋ, ಮೇವು ಹಾಕೋದು ದೊಡ್ಡದು” ಎಂದು ನಮ್ಮಮ್ಮ ಹೇಳುತ್ತಿದ್ದರು. ಅಗ್ಗದ ಪ್ರಿಂಟರ್ ಅಂಥ ಆನೆ. ಅಪರೂಪಕ್ಕೆ ಬಳಸಿದರೆ ಕಾರ್ಟ್ರಿಜ್ಜಿನ ಸಣ್ಣ ರಂಧ್ರಗಳಲ್ಲಿ ಇಂಕು ಒಣಗುತ್ತದೆ. ಅದನ್ನು ಶುಚಿ ಮಾಡಿಕೊಳ್ಳಲು ಯಂತ್ರ ಇನ್ನಷ್ಟು ಇಂಕು ಕುಡಿಯುತ್ತದೆ.

ಅಂಗಡಿಯವರು ಬಾಟಲಿಯಿಂದ ಇಂಕು ತುಂಬುವ ‘ಇಂಕ್ ಟ್ಯಾಂಕ್’ ಪ್ರಿಂಟರ್ ತೋರಿಸಿ 12,000 ಎಂದರು. ಅದರಲ್ಲಿ ಪುಟಕ್ಕೆ ತಗಲುವ ಇಂಕಿನ ಖರ್ಚು ತೀರಾ ಕಡಿಮೆ, ನಿಜ. ಆದರೆ ನಮಗೆ ಬೇಕಾದದ್ದು ತಿಂಗಳಿಗೆ 20 ಪುಟ. ಜೆರಾಕ್ಸ್ ಅಂಗಡಿಗೆ ತಿಂಗಳಿಗೆ 100 ರೂಪಾಯಿ. 12,000 ಮುಗಿಯಲು ಹತ್ತು ವರ್ಷ ಬೇಕು! ಪ್ರಿಂಟರ್ ಬೇಡವೆಂದು ತೀರ್ಮಾನಿಸಿದೆವು. ತಿಂಗಳಿಗೆ ನೂರಿನ್ನೂರು ಪುಟ, ಅದರಲ್ಲೂ ಬಣ್ಣದ್ದು ಬೇಕಾದ ಮನೆಗೆ ಇಂಕ್ ಟ್ಯಾಂಕ್ ಸರಿ. ಕಪ್ಪು ಅಕ್ಷರ ಸಾಕು, ಬಳಕೆ ಆಗೊಮ್ಮೆ ಈಗೊಮ್ಮೆ ಎನ್ನುವವರಿಗೆ ಲೇಸರ್ ಒಳ್ಳೆಯದು. ಅದರ ಟೋನರ್ ಪುಡಿ, ಒಣಗುವ ಭಯವಿಲ್ಲ.

ಇನ್ನು ಲ್ಯಾಪ್‌ಟಾಪ್. ಶನಿವಾರ ಇಬ್ಬರೂ ಮೆಟ್ರೊ ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಕಂಪ್ಯೂಟರ್ ಅಂಗಡಿಗಳ ಸಂತೆಯದು. ಹೊಸದಕ್ಕೆ 38,000 ಹೇಳಿದರು. ಕಚೇರಿಗಳಲ್ಲಿ ಬಳಸಿದ್ದನ್ನು ದುರಸ್ತಿ ಮಾಡಿ ಮಾರುವ ‘ರಿಫರ್ಬಿಶ್ಡ್’ ಲ್ಯಾಪ್‌ಟಾಪಿಗೆ 22,000. ನನ್ನ ಕನ್ನಡ ಟೈಪಿಂಗ್, ಪಿಂಚಣಿಯ ಕೆಲಸ, ಪುಟ್ಟಿಯ ಪಾಠಕ್ಕೆ ಅದೇ ಸಾಕು. 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಇದೆಯೇ ಎಂದು ನೋಡಿದೆವು. ಹಳೆಯ ಹಾರ್ಡ್ ಡಿಸ್ಕಿನಂತೆ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ಹಾಗಾಗಿ ಬೇಗ ತೆರೆದುಕೊಳ್ಳುತ್ತದೆ.

ಪುಟ್ಟಿ ಚಿಪ್ಪಿನ ಅಂಕಿ ಓದಿದಳು. ಇಂಟೆಲ್ ಐ5-6300 ಎಂದಿದ್ದರೆ ಕೊನೆಯ ಮೂರಂಕಿ ಬಿಡಿ, ಉಳಿದದ್ದು 6, ಆರನೇ ಪೀಳಿಗೆ. 8350 ಎಂಟನೆಯದು, 10210 ಹತ್ತನೆಯದು. ವಿಂಡೋಸ್ 10ಕ್ಕೆ ಕಂಪನಿಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಸಾಮಾನ್ಯವಾಗಿ ಎಂಟನೇ ಪೀಳಿಗೆಯಿಂದ ಮೇಲಿನವಕ್ಕೆ ಮಾತ್ರ. ಆರನೆಯದು ಎಷ್ಟೇ ಅಗ್ಗವಾದರೂ ಬೇಡವೆಂದೆವು. ಕೀಲಿಗಳನ್ನೆಲ್ಲ ಒತ್ತಿ, ಕ್ಯಾಮೆರಾ, ಸ್ಪೀಕರ್, ಚಾರ್ಜರ್ ನೋಡಿ, ಜಿಎಸ್‌ಟಿ ಬಿಲ್ಲೂ ಒಂದು ವರ್ಷದ ವಾರಂಟಿಯೂ ಬರಹದಲ್ಲಿ ಕೇಳಿದೆವು.

“ಹಳೇದು ಕೊಡಿ ಸಾರ್, 1,500 ಕಳೆಯೋಣ” ಎಂದ ಅಂಗಡಿಯ ಹುಡುಗ. ಬ್ಯಾಂಕಿನವನ ಬುದ್ಧಿ, 1,500 ಜಮಾ ಎಂದು ಮನಸ್ಸು ಆಗಲೇ ಬರೆದುಕೊಂಡಿತ್ತು. ಪುಟ್ಟಿ ತೋಳು ಜಗ್ಗಿದಳು. “ತಾತ, ಅಜ್ಜಿ ಹಾಡಿದ್ದೆಲ್ಲ ಅದರಲ್ಲೇ ಇದೆಯಲ್ಲಾ?”

ನನ್ನವಳು ಹೋಗಿ ಎರಡು ವರ್ಷ. ಅವಳ ಹಸೆ ಹಾಡು, ಲಾಲಿ ಹಾಡುಗಳನ್ನು ಪುಟ್ಟಿಯೇ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದ್ದಳು. ಬೇರೆಲ್ಲೂ ಪ್ರತಿ ಇರಲಿಲ್ಲ. ಅದೇ ಹುಡುಗ ಹಾರ್ಡ್ ಡಿಸ್ಕ್ ಬಿಚ್ಚಿ, 500 ರೂಪಾಯಿಯ ಡಬ್ಬಿಯಲ್ಲಿ ಕೂರಿಸಿಕೊಟ್ಟ. ಯುಎಸ್‌ಬಿ ತಂತಿ ಚುಚ್ಚಿದರೆ ಪೆನ್‌ಡ್ರೈವಿನಂತೆ ತೆರೆಯುತ್ತದೆ. ಉಬ್ಬಿದ ಬ್ಯಾಟರಿಯನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆವು.

ಒಟ್ಟು ಖರ್ಚು 22,500. ಉಳಿದದ್ದು 17,500. ರಾತ್ರಿ ಅಜ್ಜಿಯ ಹಾಡುಗಳನ್ನು ಎರಡು ಕಡೆ ಪ್ರತಿ ಮಾಡಿ, ಒಂದು ಹಾಡು ಕೇಳಿ ಮಲಗಿದೆವು. ಹಳೆಯದನ್ನು ಕೊಡುವ ಮೊದಲು ಒಳಗೆ ಏನಿದೆ ಎಂದು ಮನೆಯ ಮಕ್ಕಳನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ.

ಈ ವಾರದ ಲೆಕ್ಕ: ಪ್ರಿಂಟರ್ ಬೆಲೆ 6,000. ಇಂಕು, ಹಾಳೆ ಸೇರಿ ಪುಟಕ್ಕೆ 1 ರೂಪಾಯಿ. ತಿಂಗಳಿಗೆ 50 ಪುಟ, 5 ವರ್ಷ ಬಾಳಿಕೆ. ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 5 ರೂಪಾಯಿ. ಯಾವುದು ಲಾಭ, ಎಷ್ಟು? ಅಜ್ಜ-ಅಜ್ಜಿಯರ ಜೊತೆ ಕೂತು ಮಾಡಿ. ಉತ್ತರ ಮುಂದಿನ ವಾರ.