ಮನಸ್ಸಿಗೂ ಬೇಕು ತಾಲೀಮು

ಭರತನಾಟ್ಯದ ಆಡಿಷನ್ ಹತ್ತಿರ ಬಂತೇ? ವರ್ಷಗಟ್ಟಲೆ ಕಲಿತ ಜತಿ ಆ ಹೊತ್ತಿಗೆ ಮರೆತುಹೋದರೆ ಎಂಬ ಅಳುಕೇ? ಕಡೆಯ ವಾರ ಮೈ ದಣಿಸುವವರೇ ಹೆಚ್ಚು. ಮನಸ್ಸನ್ನು ತಾಲೀಮಿಗೆ ಕೂರಿಸುವವರು ಕಡಿಮೆ.

ದಿನಕ್ಕೊಮ್ಮೆ ಗೆಜ್ಜೆ ಬಿಚ್ಚಿಟ್ಟು ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಕೈಯಲ್ಲಿ ಆದಿತಾಳ ಹಾಕುತ್ತ, ಬಾಯಲ್ಲಿ ಸೊಲ್ಲುಕಟ್ಟು ಹೇಳುತ್ತ, ಇಡೀ ನೃತ್ಯವನ್ನು ಮನಸ್ಸಿನಲ್ಲೇ ಆಡಿ ಮುಗಿಸಿ. ನಾಲಿಗೆ ತೊದಲಿದ ಕಡೆಯೇ ಕಾಲೂ ತಡವರಿಸೀತು. ಆ ಭಾಗವನ್ನಷ್ಟೇ ನಿಧಾನವಾಗಿ ತಿದ್ದಿಕೊಳ್ಳಿ. ಹೊಸ ಐಟಂ ಕಲಿಯಲು ಇದು ಸಮಯವಲ್ಲ.

ಅಷ್ಟಾಗಿಯೂ ಮರೆತರೆ? ನಿಲ್ಲಬೇಡಿ, ತುಟಿ ಕಚ್ಚಬೇಡಿ. ತಟ್ಟಡವು ಹಾಕುತ್ತಿರಿ, 8 ಎಣಿಕೆ ಮುಗಿದು ಸಮ ಬಂದಾಗ ಮತ್ತೆ ಸೇರಿಕೊಳ್ಳಿ. ಇದನ್ನೂ ಮನೆಯಲ್ಲೇ ಅಭ್ಯಾಸ ಮಾಡಿ. ಹಿಂದಿನ ರಾತ್ರಿ ಮಾತ್ರ ನಿದ್ದೆಗೆಡಬೇಡಿ. ತಪ್ಪಿದರೂ ಹಿಂತಿರುಗುವ ದಾರಿ ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.