ಪ್ರೋನೋಟು ಹರಿಯದೆ ಗೋಡೆ ಏಳದು

ಹಿಂದೂಪುರದ, ಕಲ್ಯಾಣದುರ್ಗದ ಸಭೆಗಳ ಅಣ್ಣಂದಿರೇ, ಅಕ್ಕಂದಿರೇ, ಯೆಹೂದ್ಯರು ಬಾಬಿಲೋನಿನಿಂದ ಮರಳಿ ಬಂದ ಕಥೆ ನಮಗೆಲ್ಲ ಬಾಯಿಪಾಠ. ಕ್ರಿ.ಪೂ. 586ರಲ್ಲಿ ಯೆರೂಸಲೇಮು ಸುಟ್ಟುಹೋಯಿತು. 539ರಲ್ಲಿ ಪರ್ಷಿಯಾದ ಅರಸ ಕೋರೆಷ ಬಾಬಿಲೋನನ್ನು ಗೆದ್ದ, ಮರುವರ್ಷವೇ ಸೆರೆಯವರಿಗೆ ಊರಿಗೆ ಹೋಗಲು ಅಪ್ಪಣೆ ಸಿಕ್ಕಿತು. ಮರಳಿದವರು 42,360 ಮಂದಿ ಎಂದು ಎಜ್ರನ ಪುಸ್ತಕ ಲೆಕ್ಕ ಇಟ್ಟಿದೆ. ಪ್ರಸಂಗಗಳಲ್ಲಿ ಇಷ್ಟಕ್ಕೇ ಕಣ್ಣೀರು ಬಂದು, ಸ್ತೋತ್ರ ಹೇಳಿ ಮನೆಗೆ ಹೋಗುತ್ತೇವೆ. ಮುಂದಿನ ಪುಟಗಳನ್ನೂ ಓದಿ ಎಂದು ಕೈಮುಗಿದು ಕೇಳುತ್ತೇನೆ, ಯಾಕೆಂದರೆ ಅಲ್ಲಿರುವುದು ನಮ್ಮದೇ ಊರಿನ ಸಂಗತಿ.

ಬಂದವರು ದೇವಾಲಯಕ್ಕೆ ಅಸ್ತಿವಾರ ಹಾಕಿದರು. ಹೊರಗಿನವರ ಕಿರುಕುಳಕ್ಕೆ ಕೆಲಸ ನಿಂತಿತು, ಹದಿನೈದು ವರ್ಷದ ಮೇಲೂ ನಿಂತೇ ಇತ್ತು. ಅಷ್ಟರಲ್ಲಿ ತಮ್ಮ ತಮ್ಮ ಮನೆಗೆ ಮಾತ್ರ ಹಲಗೆ ಹೊದಿಸಿಕೊಂಡರು. ಹಗ್ಗಾಯ ಪ್ರವಾದಿ ಕ್ರಿ.ಪೂ. 520ರಲ್ಲಿ ಗದರಿಸಿದ್ದು ಇದನ್ನೇ. ಆಗ ಎಚ್ಚೆತ್ತು 515ಕ್ಕೆ ಮುಗಿಸಿದರು.

ಅದಾದ ಮೇಲೆ ಎಪ್ಪತ್ತು ವರ್ಷ. ಶೂಷನ್ ಅರಮನೆಯಲ್ಲಿ ಅರ್ತಷಸ್ತ ರಾಜನ ಪಾನದಾಯಕನಾಗಿದ್ದ ನೆಹೆಮೀಯ ಊರಿನ ಗೋಡೆ ಕಟ್ಟಿಸಲು ಬಂದ. ಗೋಡೆ ಇನ್ನೂ ಏಳುತ್ತಿರುವಾಗಲೇ ಜನರ ಮಧ್ಯದಿಂದ ಗೋಳು ಎದ್ದಿತು. ಈ ಸಲ ಅದು ಶತ್ರುಗಳ ಮೇಲಿನ ದೂರಲ್ಲ, ಸ್ವಂತ ಜನದ ಮೇಲಿನದು. ಬರಗಾಲಕ್ಕೆ ಹೊಲ, ದ್ರಾಕ್ಷಿತೋಟ, ಮನೆ ಅಡ ಇಟ್ಟು ಕಾಳು ತಂದಿದ್ದರು. ರಾಜನ ಕಂದಾಯಕ್ಕೆ ಸಾಲ ಮಾಡಿದ್ದರು. ತೀರಿಸಲಾಗದೆ ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದರು, ಹೆಣ್ಣುಮಕ್ಕಳಲ್ಲಿ ಕೆಲವರು ಆಗಲೇ ಕೈತಪ್ಪಿ ಹೋಗಿದ್ದರು. ಬಾಬಿಲೋನಿನ ಸೆರೆ ಬಿಡಿಸಿಕೊಂಡು ಬಂದವರ ಮರಿಮಕ್ಕಳು ಪಕ್ಕದ ಬೀದಿಯ ಯೆಹೂದ್ಯನ ಮನೆಯಲ್ಲೇ ಸೆರೆ! ನೆಹೆಮೀಯನಿಗೆ ಮೈಯೆಲ್ಲ ಉರಿಯಿತು. ಪರರಿಗೆ ಮಾರಾಟವಾದ ನಮ್ಮವರನ್ನು ಹಣ ಕೊಟ್ಟು ಬಿಡಿಸಿ ತಂದರೆ ನೀವೇ ಅವರನ್ನು ಮತ್ತೆ ಮಾರುತ್ತೀರಲ್ಲ ಎಂದು ಸಭೆ ಸೇರಿಸಿ ಶ್ರೀಮಂತರನ್ನು ಕೇಳಿದ. ಅವರ ಬಾಯಿ ಕಟ್ಟಿತು.

ಅವರು ತೆಗೆದುಕೊಳ್ಳುತ್ತಿದ್ದ ಬಡ್ಡಿಯನ್ನೂ ನೆಹೆಮೀಯನ ಪುಸ್ತಕದ ಐದನೇ ಅಧ್ಯಾಯ ಬರೆದಿಟ್ಟಿದೆ: ನೂರರಲ್ಲಿ ಒಂದು. ತಿಂಗಳಿಗೆ ನೂರಕ್ಕೆ ಒಂದು ಎಂದು ಬಹಳ ವಿದ್ವಾಂಸರು ಅರ್ಥ ಮಾಡುತ್ತಾರೆ. ನಮ್ಮಲ್ಲಿ ಕೈಸಾಲಕ್ಕೆ ನೂರಕ್ಕೆ ಎರಡು, ಮೂರು ರೂಪಾಯಿ ಬಡ್ಡಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ನೆಹೆಮೀಯನಿಗೆ ರಕ್ತ ಕುದಿಸಿದ ಬಡ್ಡಿಯ ಎರಡು ಪಟ್ಟು, ಮೂರು ಪಟ್ಟು ನಮಗೆ ವಾಡಿಕೆಯಾಗಿ ಕೂತಿದೆ.

ಈ ಸಾಲ ಹುಟ್ಟುವ ಬಗೆ ನಿಮಗೆ ಗೊತ್ತು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ, ಅದೂ ಬಂದರೆ. ಬೀಜ, ಗೊಬ್ಬರ ಉದ್ದರಿ ತಂದು ಕಡ್ಲೆಕಾಯಿ ಬಿತ್ತುತ್ತೇವೆ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಗಿಡ ನೋಡಲು ಹಸಿರಾಗಿಯೇ ಇರುತ್ತದೆ, ಕಿತ್ತರೆ ಬೇರಿನಲ್ಲಿ ಜೊಳ್ಳು. ಬೋರ್‌ವೆಲ್ ಕೊರೆಸಿದರೆ ಧೂಳು ಬರುತ್ತದೆ. ಆಮೇಲೆ ಹೆಂಡತಿಯ ಓಲೆ, ಜಮೀನಿನ ಪಾಸ್‌ಬುಕ್ಕು ಒಂದೊಂದಾಗಿ ಯಾರದೋ ಬೀರುವಿಗೆ ಹೋಗುತ್ತವೆ. ಖಾಲಿ ಪ್ರೋನೋಟಿನ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಬೀಳುತ್ತದೆ, ಮೊತ್ತ ಆಮೇಲೆ ತುಂಬುತ್ತದೆ. ಆ ಬೀರು ಎಷ್ಟೋ ಸಲ ನಮ್ಮದೇ ಸಭೆಯವರದು, ನಮ್ಮದೇ ಕುಲದವರದು, ನಂಟರದು. ಸರ್ಕಾರ ಸಾಲಮನ್ನಾ ಮಾಡಿದರೆ ಅದು ಬ್ಯಾಂಕಿನ ಸಾಲಕ್ಕೆ. ಪ್ರೋನೋಟಿನ ಹತ್ತಿರ ಅದು ಸುಳಿಯುವುದಿಲ್ಲ.

ಬಡ್ಡಿ ಕಟ್ಟಲು ಗುಳೆ. ಹಿಂದೂಪುರದಿಂದ ರೈಲು ಹತ್ತಿದರೆ ಬೆಂಗಳೂರು. ಕಲ್ಯಾಣದುರ್ಗದ ಕಡೆಯವರು ಚಾಪೆ, ಪಾತ್ರೆ ಗಂಟು ಕಟ್ಟಿ ಬಸ್ಸು ಹತ್ತುತ್ತಾರೆ, ಮುದುಕರನ್ನೂ ಸ್ಕೂಲಿಗೆ ಹೋಗುವ ಮಕ್ಕಳನ್ನೂ ಊರಿನಲ್ಲಿ ಬಿಟ್ಟು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಇವರೆಲ್ಲ ಹೇಗೆ ಮರಳಿದರು ನೆನಪಿದೆಯೇ? ಬೆಂಗಳೂರಿನಿಂದ ನಮ್ಮ ಕಡೆಗೆ ತಲೆಯ ಮೇಲೆ ಗಂಟು, ಸೊಂಟದ ಮೇಲೆ ಕೂಸು ಹೊತ್ತು ನಡೆದರು. ಊರು ಸೇರಿದವರು ನಿಂತರೇ? ರೈಲು, ಬಸ್ಸು ಓಡಲು ಶುರುವಾದ ಕೂಡಲೇ ಮತ್ತೆ ಹೊರಟರು. ಅವರು ಮನೆಗೆ ಬಂದಿದ್ದರು, ಅವರ ಪಾಸ್‌ಬುಕ್ಕು ಬಂದಿರಲಿಲ್ಲ.

ಆದ್ದರಿಂದ ಸಾಲ ಕೊಟ್ಟವರನ್ನೇ ಕರೆಯುತ್ತಿದ್ದೇನೆ. ಕಾಣಿಕೆ ಕೊಡುವುದರಲ್ಲಿ ನೀವು ಹಿಂದೆ ಬಿದ್ದವರಲ್ಲ, ಚರ್ಚಿನ ಗೋಪುರಕ್ಕೆ ಸುಣ್ಣ ಹೊಡೆಸಿದವರು, ಮೈಕು ಕೊಡಿಸಿದವರು ನೀವೇ. ಆದರೆ ನೆಹೆಮೀಯ ಆ ದಿನ ಕೇಳಿದ್ದು ಕಾಣಿಕೆಯನ್ನಲ್ಲ. ಹೊಲ, ತೋಟ, ಮನೆ ಅವರವರಿಗೆ ಬಿಟ್ಟುಕೊಡಿ, ಬಡ್ಡಿಯನ್ನೂ ಬಿಡಿ, ಅದೂ ಈ ದಿನವೇ ಎಂದ. ತಾನೂ ತನ್ನ ಅಣ್ಣತಮ್ಮಂದಿರೂ ಸಾಲ ಕೊಟ್ಟಿದ್ದೇವೆಂದು ಎಲ್ಲರ ಮುಂದೆ ಒಪ್ಪಿಕೊಂಡೇ ಕೇಳಿದ. ಯಾಜಕರನ್ನು ಕರೆಸಿ ಆಣೆ ಮಾಡಿಸಿದ, ಮಾತು ತಪ್ಪಿದವರನ್ನು ದೇವರು ಹೀಗೆ ಒದರಲಿ ಎಂದು ತನ್ನ ಉಡಿ ಒದರಿ ತೋರಿಸಿದ. ಹನ್ನೆರಡು ವರ್ಷ ಅಧಿಪತಿಯಾಗಿದ್ದೂ ಆ ಹುದ್ದೆಗೆ ಬರಬೇಕಾದ ಆಹಾರದ ಪಾಲನ್ನು ಮುಟ್ಟಲಿಲ್ಲ. ಆ ಗೋಡೆ 52 ದಿನಕ್ಕೆ ಮುಗಿದದ್ದು ಹೀಗೆ.

ನಮ್ಮ ನೆಲದಲ್ಲಿ ಇದು ಆಗುವ ಮಾತಲ್ಲ ಎನ್ನಬೇಡಿ. 1968ರಲ್ಲಿ ಈ ದೇಶ ಬಿಟ್ಟು ಹೋಗಬೇಕಾಗಿ ಬಂದ ಸ್ಪೇನಿನ ಸಮಾಜಸೇವಕ ವಿಸೆಂಟೆ ಫೆರರ್ ಮರುವರ್ಷವೇ ಮರಳಿ, ಯಾರೂ ಬೇಡವೆಂದ ಅನಂತಪುರದ ಬರಡಿಗೆ ಬಂದು ನಿಂತರು. 2009ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. ಕಲ್ಯಾಣದುರ್ಗದಲ್ಲಿ ಅವರ ಸಂಸ್ಥೆಯ ಆಸ್ಪತ್ರೆಗೆ ಹೋಗಿಬರದ ಮನೆ ನಮ್ಮಲ್ಲಿ ಎಷ್ಟಿದೆ? ಎಲ್ಲಿಂದಲೋ ಬಂದವರು ಅಷ್ಟು ಮಾಡಿದರು. ನಾವು ನಮ್ಮ ಬೀರುವಿನ ಬಾಗಿಲಾದರೂ ತೆರೆಯೋಣ.

ಸಭೆಯ ಹಿರಿಯರೇ, ಅಯ್ಯನವರೇ, ಕಡ್ಲೆಕಾಯಿ ಕೀಳುವ ಮುಂಚೆ ಒಂದು ಭಾನುವಾರ ಆರಾಧನೆಯಾದ ಮೇಲೆ ಯಾರೂ ಎದ್ದು ಹೋಗದಂತೆ ಕೂರಿಸಿ ನೆಹೆಮೀಯನ ಐದನೇ ಅಧ್ಯಾಯ ಓದಿಸಿ. ಅಸಲು ಪೂರ್ತಿ ಬಿಡಲಾಗದವರು ಬಡ್ಡಿ ಬಿಡಲಿ, ಕಟ್ಟಿದ ಬಡ್ಡಿಯನ್ನು ಅಸಲಿಗೆ ವಜಾ ಹಾಕಲಿ. ಅಡ ಇಟ್ಟ ಪಾಸ್‌ಬುಕ್ಕು, ಓಲೆ ಅವರವರ ಕೈಗೆ ಹೋಗಲಿ. ಸಭೆಯ ಹೊರಗಿನ ಸಾಲಗಾರರಿಗೂ, ಅವರು ಯಾವ ಗುಡಿಗೆ, ಯಾವ ಮಸೀದಿಗೆ ಹೋಗುವವರಾದರೂ, ಇದೇ ಲೆಕ್ಕ ಇರಲಿ. ಸಾಲ ಮಾಡಿದವರನ್ನು ಮುಂದೆ ಕರೆದು ನಿಲ್ಲಿಸಬೇಡಿ, ಅವರು ಸಾಕಷ್ಟು ತಲೆ ತಗ್ಗಿಸಿದ್ದಾರೆ. ಮುಂದೆ ಬರಬೇಕಾದವರು ಕೊಟ್ಟವರು. ಅವರಲ್ಲೂ ಹಿರಿಯರ ಪ್ರೋನೋಟು ಮೊದಲು ಹರಿಯಲಿ.