ಅಡುಗೆಮನೆಗೆ ಯಾರ ಅಳತೆ?

ಹಳೆಯ ಮನೆಯನ್ನು ಹೊಸದು ಮಾಡಹೊರಟಿರುವ ನನ್ನ ಶಿಷ್ಯರೂ ಬಂಧುಗಳೂ ಈಚೆಗೆ ಒಂದೇ ಪಾಠವನ್ನು ಒಪ್ಪಿಸತೊಡಗಿದ್ದಾರೆ: "ಅಡುಗೆಮನೆ, ಎರಡು ಬಚ್ಚಲುಮನೆ, ಎಲ್ಲವನ್ನೂ ಒಟ್ಟಿಗೆ ಒಡೆಸಿ ಒಂದೇ ಸಲ ಮಾಡಿಸಬೇಕಂತೆ, ಇಲ್ಲದಿದ್ದರೆ ಮನೆಗೆ ಒಂದು ಲುಕ್ ಬರುವುದಿಲ್ಲವಂತೆ." ಈ 'ಅಂತೆ'ಯ ಕರ್ತೃವನ್ನು ಹುಡುಕುತ್ತ ಹೋದರೆ ಕೊನೆಗೆ ಸಿಗುವವನು ಷೋರೂಮಿನ ಮಾರಾಟಗಾರ. ಎಲ್ಲ ಮಾಲನ್ನೂ ಒಂದೇ ದಿನ ಮಾರುವವನಿಗೆ ಈ ಸಿದ್ಧಾಂತ ಲಾಭದಾಯಕ ಎಂಬುದರಲ್ಲಿ ಸಂದೇಹವಿಲ್ಲ. ಸಾಲ ಮಾಡಿ ಕೊಳ್ಳುವವರಿಗೂ ಅದು ಹಿತವೆ? ಖಂಡಿತ ಅಲ್ಲವೆಂಬುದು ನನ್ನ ವಾದ.

ಹಾಗೆಂದು ಹಳೆಯ ಅಡುಗೆಮನೆಯ ಗುಣಗಾನಕ್ಕೆ ನಾನು ಹೊರಟಿಲ್ಲ. ಮಸಿ ಹಿಡಿದ ಗೋಡೆ, ಅಂಗೈಯಗಲದ ಗವಾಕ್ಷಿ, ಕುಕ್ಕರಗಾಲಿನಲ್ಲಿ ಕುಳಿತು ಊದುಕೊಳವೆ ಊದುತ್ತಿದ್ದ ಹೆಂಗಸರು! ಇದನ್ನೆಲ್ಲ ಸ್ವರ್ಗವೆಂದು ಬಣ್ಣಿಸುವವರಲ್ಲಿ ಬಹುಪಾಲು ಜನ ಎಲೆಯ ಮುಂದೆ ಕುಳಿತವರೇ ಹೊರತು ಒಲೆಯ ಮುಂದೆ ಕುಳಿತವರಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಮುಂದೆ ಅಸ್ತ್ರ ಒಲೆಯನ್ನು ರೂಪಿಸಿತು. ಸೌದೆಯೂ ಉಳಿಯಬೇಕು, ಹೊಗೆಯೂ ಕೊಳವೆಯಲ್ಲಿ ಹೊರಹೋಗಬೇಕು ಎಂಬ ಆ ಪ್ರಯತ್ನವೂ ಅಡುಗೆಮನೆಯ ನವೀಕರಣವೇ. ಅಂತಹ ನವೀಕರಣಕ್ಕೆ ನನ್ನ ಎರಡೂ ಕೈ ಮೇಲಕ್ಕೆ.

ಇಂದಿನ ಮಾಡ್ಯುಲರ್ ಕಿಚನ್ನಿನ ಅಜ್ಜಿ ಎನ್ನಬಹುದಾದ ಅಡುಗೆಮನೆಯೊಂದು 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಹುಟ್ಟಿತು. ಅಲ್ಲಿಯ ವಸತಿ ಯೋಜನೆಯ ಮನೆಗಳಿಗಾಗಿ ಮಾರ್ಗರೆಟೆ ಷ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಅದನ್ನು ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್, ಅಷ್ಟೆ. ಅಡುಗೆ ಮಾಡುವವಳ ಅನವಶ್ಯಕ ಹೆಜ್ಜೆಗಳನ್ನು ತಪ್ಪಿಸುವುದು ಆಕೆಯ ಮುಖ್ಯ ಚಿಂತೆಯಾಗಿತ್ತು. ಕುಳಿತು ಕೆಲಸ ಮಾಡಲು ತಿರುಗುವ ಪೀಠವನ್ನೂ ಇಟ್ಟಿದ್ದರು. ನಮ್ಮ ಅಂಗಡಿಗಳವರು ಆ ಚಿಂತೆಯನ್ನು ಕೈಬಿಟ್ಟು ಪೆಟ್ಟಿಗೆಗಳನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಕಟ್ಟೆಯ ಎತ್ತರವನ್ನೇ ನೋಡಿ. ಕ್ಯಾಟಲಾಗಿನಲ್ಲಿ 34 ಅಂಗುಲವೆಂದಿದ್ದರೆ ಎಲ್ಲರ ಮನೆಗೂ 34 ಅಂಗುಲ. ಅದರ ಮೇಲೆ ನಾಲ್ಕಂಗುಲದ ಸ್ಟೌ, ಸ್ಟೌವಿನ ಮೇಲೆ ಮುದ್ದೆಯ ಪಾತ್ರೆ. ಐದಡಿ ಎತ್ತರದ ಹೆಂಗಸಿಗೆ ಪಾತ್ರೆಯ ಕಂಠ ಎದೆಮಟ್ಟಕ್ಕೆ ಬರುತ್ತದೆ. ಮೈಭಾರವನ್ನೆಲ್ಲ ಕೋಲಿನ ಮೇಲೆ ಬಿಟ್ಟು ಹಿಟ್ಟು ತಿರುವಬೇಕಾದವಳು ತೋಳೆತ್ತಿ ಒದ್ದಾಡಬೇಕು. ಸಿಂಕಿನ ಕಡೆ ಇದಕ್ಕೆ ತದ್ವಿರುದ್ಧ: ಪಾತ್ರೆ ತೊಳೆಯುವುದು ಸಿಂಕಿನ ತಳದಲ್ಲಿ, ಆದ್ದರಿಂದ ಅಲ್ಲಿ ಬೆನ್ನು ಬಾಗುತ್ತದೆ. ಒಲೆಯ ಕಡೆ ಕಟ್ಟೆಯನ್ನು ಮೂರ್ನಾಲ್ಕು ಅಂಗುಲ ತಗ್ಗಿಸಿದರೆ ಅಲ್ಲಿಯ ಕೆಲಸ ಸುಗಮ. ಆದರೆ ಕಟ್ಟೆ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಲುಕ್ ಕೆಡುತ್ತದಂತೆ! ಭುಜ ಕೆಟ್ಟರೆ ಚಿಂತೆಯಿಲ್ಲ.

ಸಿಂಕಿನ ಕೆಳಗಿನ ಕಪಾಟಿನ ಕಥೆಯೂ ಹೀಗೆಯೇ. ನಾವು ನೀರು ಹಾಕಿ ಅಡುಗೆಮನೆ ತೊಳೆಯುವ ಜನ. ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಪಾರ್ಟಿಕಲ್ ಬೋರ್ಡಿನ ಅಂಚಿಗೆ ನೀರು ತಾಕುತ್ತಿದ್ದರೆ ಅದು ಹಪ್ಪಳದಂತೆ ಉಬ್ಬುತ್ತದೆ. ಮೇಲಿನ ಹೊಳಪು ಹಾಳೆಯನ್ನು ನೋಡಿ ಮರುಳಾಗದೆ ಒಳಗೇನಿದೆ ಎಂದು ಕೇಳಿ. ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಇರಲಿ, ಅಥವಾ ನಮ್ಮ ಹಳೆಯ ಕಡಪ ಕಲ್ಲಿನ ಹಲಗೆಗಳೇ ಇರಲಿ.

ಹಾಗಾದರೆ ಮನೆಗೆ ಒಂದು ಹೊಂದಾಣಿಕೆ ಬೇಡವೆ? ಬೇಕು. ಆದರೆ ಅದು ಒಂದೇ ದಿನ ಕೊಂಡದ್ದರಿಂದ ಬರುವುದಲ್ಲ, ಮೊದಲೇ ತೀರ್ಮಾನಿಸಿದ್ದರಿಂದ ಬರುವುದು. ನೆಲಕ್ಕೆ ಯಾವ ಕಲ್ಲು, ಕಟ್ಟೆಗೆ ಯಾವುದು, ನಲ್ಲಿಗಳೆಲ್ಲ ಯಾವ ಬಗೆ, ಗೋಡೆಗೆ ಯಾವ ಬಣ್ಣ – ಇವಿಷ್ಟನ್ನು ನೋಟ್‌ಪುಸ್ತಕದ ಒಂದು ಪುಟದಲ್ಲಿ ಬರೆದಿಟ್ಟುಕೊಂಡರೆ ಕೆಲಸವನ್ನು ನಾಲ್ಕು ವರ್ಷ ಹರಡಿದರೂ ಮನೆ ಒಂದೇ ಕೈಯ ಬರಹದಂತೆ ಕಾಣುತ್ತದೆ. ಚಾಮರಾಜನಗರದ ಕಪ್ಪು ಗ್ರಾನೈಟ್, ಶಹಾಬಾದಿನ ಬೂದು ಕಲ್ಲು ಋತುವಿಗೊಂದು ಫ್ಯಾಷನ್ನಿನ ಸರಕುಗಳಲ್ಲ. ಚಿತ್ರವಿಚಿತ್ರ ಟೈಲ್ಸ್ ಮಾತ್ರ ಮುಂದಿನ ಸಲ ಹೋಗುವಷ್ಟರಲ್ಲಿ ಮಾಯವಾಗಿರಬಹುದು. ಅದೇ ಬೇಕೆನ್ನುವವರು ಪೆಟ್ಟಿಗೆಯ ಮೇಲಿನ ಷೇಡ್ ಸಂಖ್ಯೆ, ಬ್ಯಾಚ್ ಸಂಖ್ಯೆ ನೋಡಿಕೊಂಡು ಒಂದು ಪೆಟ್ಟಿಗೆ ಹೆಚ್ಚಿಗೆ ತಂದು ಅಟ್ಟದ ಮೇಲಿಟ್ಟಿರಲಿ.

ಮೊದಲು ಖರ್ಚಾಗಬೇಕಾದದ್ದು ಕಣ್ಣಿಗೆ ಕಾಣದ ಕೆಲಸಕ್ಕೆ: ತುಕ್ಕು ಹಿಡಿದ ಹಳೆಯ ಕಬ್ಬಿಣದ ಕೊಳವೆಗಳು, ವೈರಿಂಗು. ಅನಂತರ ಒಂದು ಬಚ್ಚಲುಮನೆ. ಅದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಕೂಡದು. (ಎರಡನ್ನೂ ಒಡೆಸಿ ಬೆಳಗಿನ ಐದು ಗಂಟೆಗೆ ಪಕ್ಕದ ಮನೆಯ ಬಾಗಿಲು ತಟ್ಟಿದವರನ್ನು ನಾನು ಬಲ್ಲೆ.) ಟೈಲ್ಸ್ ಹಾಕುವ ಮೊದಲು ಜಲನಿರೋಧಕ ಬಳಿಸಿ, ಅದು ಒಣಗಿದ ಮೇಲೆ ನೀರು ಹೋಗುವ ಕಿಂಡಿಯನ್ನು ಮುಚ್ಚಿ, ಒಂದೆರಡು ದಿನ ನೀರು ನಿಲ್ಲಿಸಿ ಕೆಳಗಿನ ಚಾವಣಿ ಒದ್ದೆಯಾಗುವುದೇ ಎಂದು ಪರೀಕ್ಷಿಸಬೇಕು. ಇಂತಿಷ್ಟು ದಿನದಲ್ಲಿ ಇಡೀ ಮನೆ ಮುಗಿಸಿಕೊಡುತ್ತೇನೆಂದು ಮಾತು ಕೊಟ್ಟ ಗುತ್ತಿಗೆದಾರನಿಗೆ ಕಳೆಯಲು ಕಷ್ಟವಾಗುವುದು ಈ ಎರಡು ದಿನಗಳೇ. ಅಡುಗೆಮನೆಯ ಕಟ್ಟೆ ಆಮೇಲೆ, ಕಪಾಟು ಎಲ್ಲಕ್ಕಿಂತ ಕೊನೆಗೆ. ಹಂತಹಂತವಾಗಿ ಮಾಡಿದರೆ ಧೂಳು ಹಲವು ಸಲ, ಗಾರೆಯವರ ಕೂಲಿಯೂ ತುಸು ಹೆಚ್ಚು, ಒಪ್ಪುತ್ತೇನೆ. ಒಂದು ಬಚ್ಚಲಿನಲ್ಲಿ ಕಂಡ ದೋಷ ಇನ್ನೊಂದರಲ್ಲಿ ಆಗದಂತೆ ತಡೆಯಬಹುದು, ಬಡ್ಡಿಯ ಹೊರೆಯೂ ಹಗುರ. ಇವುಗಳ ಮುಂದೆ ಆ ಕೂಲಿ ದೊಡ್ಡದಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಬಚ್ಚಲುಮನೆಯ ವಿಚಾರದಲ್ಲಿ. ಸೋಪಿನ ನೀರು ಹರಿಯುವ ನೆಲಕ್ಕೆ ಕನ್ನಡಿಯಂತಹ ಟೈಲ್ಸ್ ಹಾಸುವುದು ಯಾವ ಆಧುನಿಕತೆ? ನನ್ನ ಓರಗೆಯ ನಿವೃತ್ತ ಶಿಕ್ಷಕಿಯೊಬ್ಬರು ಮಗ ಅಕ್ಕರೆಯಿಂದ ಮಾಡಿಸಿದ ಹೊಸ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬಾಗಿಲು ಒಳಕ್ಕೆ ತೆರೆಯುವಂಥದು. ಅದಕ್ಕೆ ಅಡ್ಡಲಾಗಿ ಅವರೇ ಬಿದ್ದಿದ್ದರು. ತಳ್ಳಿದರೆ ಅವರ ಕಾಲಿಗೇ ಪೆಟ್ಟು. ಬಡಗಿ ಬಂದು ಬಾಗಿಲು ಕೀಳುವವರೆಗೆ ಆ ತಾಯಿ ತಣ್ಣನೆಯ ನೆಲದ ಮೇಲೆ ನರಳುತ್ತ ಬಿದ್ದಿರಬೇಕಾಯಿತು. ಗೋಡೆಗೆ ಹಿಡಿಕಂಬಿ ಹಾಕಿಸೋಣವೆಂದು ಆಕೆ ಮೊದಲೇ ಹೇಳಿದ್ದರಂತೆ. "ಬೇಡಮ್ಮಾ, ಆಸ್ಪತ್ರೆಯ ಹಾಗೆ ಕಾಣುತ್ತದೆ" ಎಂಬ ಉತ್ತರ ಬಂದಿತ್ತು.

ಒರಟು ಮೈಯ ಟೈಲ್ಸ್, ಗಟ್ಟಿ ಗೋಡೆಗೆ ಬಿಗಿದ ಹಿಡಿಕಂಬಿ, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ, ಹೊರಕ್ಕೆ ತೆರೆಯುವ ಬಾಗಿಲು. ಇವುಗಳಲ್ಲಿ ಚಿಲಕ, ಬಾಗಿಲುಗಳಿಗಾಗಿ ಮನೆ ಒಡೆಸಬೇಕಾಗಿಲ್ಲ. ಬಡಗಿಯ ಒಂದೆರಡು ದಿನದ ಕೆಲಸ. ಮನೆಯಲ್ಲಿ ವಯಸ್ಸಾದವರಿರುವ ನನ್ನ ಶಿಷ್ಯರು ಷೋರೂಮಿಗೆ ಮುಂದಿನ ವರ್ಷ ಹೋಗಲಿ. ಬಡಗಿಯನ್ನು ಈ ವಾರವೇ ಕರೆಸಲಿ.